ರೆಕ್ಕೆ ಬಿಟ್ಟು ತಲೆ ನೋಡಿ: ಬೇಟೆ ಹಕ್ಕಿಗಳನ್ನು ನಾನು ಗಮನಿಸುವ ಬಗೆ

ಬೇಟೆ ಹಕ್ಕಿ ಎಂದರೆ ಎಲ್ಲರ ಮಾತೂ ಕಣ್ಣಿನ ಸುತ್ತಲೇ ತಿರುಗುತ್ತದೆ. ಹದ್ದಿನ ದೃಷ್ಟಿ ಮನುಷ್ಯನಿಗಿಂತ ಎಂಟು ಪಟ್ಟು ಚುರುಕು ಎಂಬ ಮಾತು ಎಷ್ಟೋ ಕಡೆ ಕೇಳಿಬರುತ್ತದೆ. ಅಳೆದು ನೋಡಿದ ದೊಡ್ಡ ಹದ್ದುಗಳಲ್ಲಿ ಅದು ನಮ್ಮದಕ್ಕಿಂತ ಎರಡೂವರೆ ಪಟ್ಟಿನ ಆಸುಪಾಸು ಅಷ್ಟೇ. ಸಣ್ಣ ಗಿಡುಗಗಳದ್ದು ನಮ್ಮಷ್ಟೂ ಇಲ್ಲ. ಇನ್ನು ಕಣಜಗೂಬೆಗೆ ಕತ್ತಲಲ್ಲಿ ಕಣ್ಣಿಗಿಂತ ಕಿವಿಯೇ ಮುಂದು. ಹೀಗಿರುವಾಗ ಹೊಲದ ಬದುವಿನ ಮೇಲೆ ಕೂತ ನಮಗೆ, ಈ ಹಕ್ಕಿ ಬೇಟೆಯನ್ನು ಕಂಡು ಹಿಡಿಯಿತೋ ಕೇಳಿ ಹಿಡಿಯಿತೋ ಎಂದು ತಿಳಿಯುವುದು ಹೇಗೆ? ನಾನು ನೆಚ್ಚಿಕೊಂಡಿರುವುದು ಎರಡನ್ನು: ಹಕ್ಕಿಯ ತಲೆ ಆಡುವ ರೀತಿ, ಮತ್ತು ಜೀರ್ಣವಾಗದ್ದನ್ನು ಅದು ಕಕ್ಕಿದ ಉಂಡೆ.

ಸಲಕರಣೆ ಹೆಚ್ಚೇನೂ ಬೇಡ. 8×42 ಬೈನಾಕ್ಯುಲರ್, ಮೊಬೈಲಿನ ಸ್ಟಾಪ್‌ವಾಚ್, ಗೆರೆ ಎಳೆದ ಒಂದು ನೋಟ್‌ಬುಕ್ ಸಾಕು. ಸೂರ್ಯ ಬೆನ್ನ ಹಿಂದಿರುವಂತೆ ಕೂರುತ್ತೇನೆ. ಪ್ರತಿ ದಾಳಿಗೂ ಹೊತ್ತು, ಗಾಳಿಯ ದಿಕ್ಕು, ಹುಲ್ಲಿನ ಎತ್ತರ, ಹಕ್ಕಿ ಎಷ್ಟು ಎತ್ತರದಿಂದ ಇಳಿಯಿತು, ಇಳಿಯುವ ಮುನ್ನ ತಲೆ ಹೇಗಿತ್ತು, ಬೇಟೆ ಸಿಕ್ಕಿತೇ ಇಲ್ಲವೇ ಎಂದು ಬರೆಯುತ್ತೇನೆ. ಹೊಸಬರು ರೆಕ್ಕೆ ನೋಡುತ್ತ ಕೂರುತ್ತಾರೆ, ತಲೆಯ ಕಾಲಂ ಖಾಲಿ ಉಳಿಯುತ್ತದೆ. ಇವುಗಳ ಕಣ್ಣುಗುಡ್ಡೆ ಗೂಡಿನೊಳಗೆ ಹೆಚ್ಚು ಹೊರಳುವುದಿಲ್ಲ, ಗೂಬೆಯದಂತೂ ಕದಲುವುದೇ ಇಲ್ಲವೆನ್ನಬೇಕು. ನೋಟ ತಿರುಗಬೇಕಾದರೆ ತಲೆಯೇ ತಿರುಗಬೇಕು. ಹಾಗಾಗಿ ತಲೆಯ ಕಾಲಂ ತುಂಬದ ದಾಖಲೆಯಿಂದ ಇಂದ್ರಿಯದ ಬಗ್ಗೆ ಏನೂ ಹೇಳಲಾಗದು.

ಬಯಲುಸೀಮೆಯಲ್ಲಿ ಅಭ್ಯಾಸಕ್ಕೆ ಒಳ್ಳೆಯ ಹಕ್ಕಿ ಕರೆಂಟ್ ತಂತಿಯ ಮೇಲೆ ಕೂರುವ ಬ್ಲ್ಯಾಕ್‌ವಿಂಗ್ಡ್ ಕೈಟ್. ಬಿಳಿ ಮೈ, ಹೆಗಲ ಮೇಲೆ ಕಪ್ಪು ಪಟ್ಟೆ, ಕೆಂಪು ಕಣ್ಣು. ಗಾಳಿಗೆ ಮುಖ ಮಾಡಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತಾಗ ಮೈಯೆಲ್ಲ ಅಲುಗಿದರೂ ತಲೆ ಮಾತ್ರ ಮೊಳೆ ಹೊಡೆದಂತೆ ನಿಲ್ಲುತ್ತದೆ. ತಲೆ ಅಲುಗಿದರೆ ಹುಲ್ಲಿನ ನಡುವೆ ಇಲಿಯ ಸಣ್ಣ ಚಲನೆ ಕಣ್ಣಿಗೆ ಬೇರೆಯಾಗಿ ಬೀಳುವುದಿಲ್ಲ. ನಿಂತಲ್ಲಿಂದ ಮೆಟ್ಟಿಲಿಳಿದಂತೆ ಒಂದಿಷ್ಟು ಕೆಳಗೆ, ಮತ್ತೆ ನಿಂತು, ಮತ್ತೆ ಕೆಳಗೆ ಬಂದರೆ ಗುರಿ ಕಣ್ಣಿಗೆ ಸಿಕ್ಕಿದೆ ಎಂದರ್ಥ.

ತಂತಿಯ ಮೇಲೆ ಕೂತ ಗಿಡುಗ ತಲೆ ಓರೆ ಮಾಡಿ ಒಂದೇ ಕಣ್ಣಿನಿಂದ ನೋಡುವುದನ್ನೂ ಗಮನಿಸಬೇಕು. ಹಗಲು ಬೇಟೆಯಾಡುವ ಗಿಡುಗ, ಹದ್ದು, ಡೇಗೆಗಳ ಒಂದೊಂದು ಕಣ್ಣಿನಲ್ಲೂ ಅತಿ ಸ್ಪಷ್ಟವಾಗಿ ಕಾಣುವ ಎರಡು ಕುಳಿಗಳಿವೆ. ಆಳವಾದದ್ದು ಪಕ್ಕಕ್ಕೆ ನೋಡುತ್ತದೆ, ಇನ್ನೊಂದು ಹೆಚ್ಚುಕಡಿಮೆ ಮುಂದಕ್ಕೆ. ದೂರದ್ದನ್ನು ಪಕ್ಕದ ಕುಳಿಯಿಂದ ನೋಡುತ್ತವೆ, ಹತ್ತಿರ ಬಂದಮೇಲೆ ಎರಡೂ ಕಣ್ಣನ್ನು ಮುಂದಕ್ಕೆ ತರುತ್ತವೆ. ಓರೆಯಾಗಿದ್ದ ತಲೆ ಸರಕ್ಕನೆ ನೇರವಾಯಿತೆಂದರೆ ಸ್ಟಾಪ್‌ವಾಚ್ ಒತ್ತಲು ಸಿದ್ಧರಾಗಿ. ಹಾಲಕ್ಕಿ ಎಂಬ ಸಣ್ಣ ಗೂಬೆಗಳು ತಲೆಯನ್ನು ಮೇಲೆ ಕೆಳಗೆ, ಅತ್ತ ಇತ್ತ ಆಡಿಸುವುದು ಬೇರೆ ಕಾರಣಕ್ಕೆ: ಒಂದೇ ವಸ್ತುವನ್ನು ಬೇರೆ ಬೇರೆ ಕೋನದಿಂದ ನೋಡಿ ದೂರ ಅಳೆಯಲು.

ಚಳಿಗಾಲಕ್ಕೆ ನಮ್ಮ ಹುಲ್ಲುಗಾವಲುಗಳಿಗೆ ಬರುವ ಹ್ಯಾರಿಯರ್‌ಗಳು ಕಣ್ಣು ನೆಚ್ಚುವವು, ಕಿವಿ ನೆಚ್ಚುವವು ಇವೆರಡರ ನಡುವಿನ ಗುಂಪು. ಹಗಲು ಬೇಟೆಯ ಹಕ್ಕಿಯಾದರೂ ಮುಖ ಗೂಬೆಯಂತೆ ದುಂಡು, ಅಂಚಿಗೆ ದಟ್ಟ ಗರಿಗಳ ಬಳೆ. ಹುಲ್ಲಿನ ನೆತ್ತಿಯನ್ನು ಸವರುವಂತೆ ನಿಧಾನ ಹಾರುತ್ತ, ದಾಟಿಹೋದ ಜಾಗಕ್ಕೆ ದಿಢೀರನೆ ಹಿಮ್ಮುಖ ತಿರುಗಿ ಕಾಲು ಚಾಚಿ ಬಿದ್ದರೆ, ಹುಲ್ಲು ಮೊಣಕಾಲೆತ್ತರ ಇದ್ದು ಇಲಿ ಕಾಣುವಂತಿಲ್ಲದಿದ್ದರೆ, ಅಂಥ ದಾಳಿಯನ್ನು ‘ಕಿವಿ ಇರಬಹುದು’ ಎಂದು ಬರೆದುಕೊಳ್ಳುತ್ತೇನೆ. ‘ಇರಬಹುದು’ ಎಂಬ ಪದ ಮುಖ್ಯ. ದೂರದಿಂದ ನೋಡಿ ಇದಕ್ಕಿಂತ ಗಟ್ಟಿಯಾಗಿ ಹೇಳುವುದು ಸರಿಯಲ್ಲ.

ವಾಸನೆಯ ವಿಷಯ ಬೇಗ ಮುಗಿಯುತ್ತದೆ. ಅಮೆರಿಕದ ಟರ್ಕಿ ವಲ್ಚರ್ ಕಾಡಿನ ಮರೆಯಲ್ಲಿರುವ ಹೆಣವನ್ನೂ ಮೂಗಿನಿಂದ ಪತ್ತೆ ಮಾಡುತ್ತದೆ. ನಮ್ಮ ರಾಮನಗರದ ರಾಮದೇವರ ಬೆಟ್ಟದ ಉದ್ದಕೊಕ್ಕಿನ ರಣಹದ್ದು ಬೇರೆ ವಂಶದ್ದು, ಅದರ ಕೆಲಸವೆಲ್ಲ ಕಣ್ಣಿನಿಂದ. ಹೆಣದ ಜೊತೆಗೆ ಕಾಗೆ, ಹದ್ದು, ಇತರ ರಣಹದ್ದುಗಳು ಎಲ್ಲಿ ಇಳಿಯುತ್ತಿವೆ ಎಂಬುದನ್ನೂ ಆಕಾಶದಿಂದ ನೋಡುತ್ತಿರುತ್ತದೆ. ಒಂದು ಇಳಿದರೆ ದೂರದವೂ ಬರುತ್ತವೆ. ಸಂಖ್ಯೆ ಕುಸಿದರೆ ಈ ಸರಪಳಿಯೇ ಕಡಿಯುತ್ತದೆ ಎಂಬುದು ನನಗೆ ನಿಜವಾಗಿಯೂ ಚಿಂತೆಯ ಸಂಗತಿ.

ನನ್ನ ಹೆಚ್ಚಿನ ಕೆಲಸ ಕಣಜಗೂಬೆಯದು. ಇದರ ಎಡಕಿವಿಯ ತೂತು ಬಲಕಿವಿಯದಕ್ಕಿಂತ ಮೇಲಿದ್ದು ಕೆಳಗಿನ ಸದ್ದಿಗೆ ಹೆಚ್ಚು ಚುರುಕು, ಬಲಕಿವಿ ಮೇಲಿನ ಸದ್ದಿಗೆ. ಸದ್ದು ಒಂದು ಕಿವಿಗೆ ಮೊದಲು ಇನ್ನೊಂದಕ್ಕೆ ಆಮೇಲೆ ತಲುಪುವ ವ್ಯತ್ಯಾಸದಿಂದ ಎಡಬಲ ತಿಳಿಯುತ್ತದೆ, ಜೋರಿನ ವ್ಯತ್ಯಾಸದಿಂದ ಮೇಲುಕೆಳಗು. ಅಮೆರಿಕದ ಜೀವವಿಜ್ಞಾನಿ ರೋಜರ್ ಪೇನ್ ಪೂರ್ತಿ ಕತ್ತಲೆಯ ಕೋಣೆಯಲ್ಲಿ ಒಣ ಎಲೆಗಳ ಮೇಲೆ ಕಾಗದದ ಉಂಡೆ ಎಳೆಸಿದಾಗಲೂ ಗೂಬೆ ಅದರ ಮೇಲೆರಗಿತು. ಕಾಗದಕ್ಕೆ ಇಲಿಯ ವಾಸನೆಯೂ ಇಲ್ಲ, ಮೈಬಿಸಿಯೂ ಇಲ್ಲ. ಆಮೇಲೆ ವಿಜ್ಞಾನಿ ಮಸಕಾಜು ಕೊನಿಶಿ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಇನ್ನೂ ಆಳಕ್ಕೆ ಕೊಂಡೊಯ್ದರು. ಬಲಕಿವಿ ಮುಚ್ಚಿದರೆ ಗೂಬೆ ಗುರಿಗಿಂತ ಕೆಳಗೆ ತಿರುಗುತ್ತದೆ, ಎಡಕಿವಿ ಮುಚ್ಚಿದರೆ ಮೇಲಕ್ಕೆ.

ಹೊಲದಲ್ಲಿ ಇದರ ಗುರುತು ಹೀಗೆ: ಕಂಬದ ಮೇಲೆ ಕೂತ ಗೂಬೆಯ ಮುಖದ ತಟ್ಟೆ ಸದ್ದಿನ ಕಡೆ ಒಮ್ಮೆಲೇ ತಿರುಗಿ ನಿಲ್ಲುತ್ತದೆ, ಸಣ್ಣದಾಗಿ ಸರಿಹೊಂದಿಸಿಕೊಳ್ಳುತ್ತದೆ, ಆಮೇಲೆಯೇ ಹಾರುತ್ತದೆ. ಭತ್ತ ಕೊಯ್ದ ಕೂಳೆ, ಕಬ್ಬಿನ ಒಣ ತರಗು ಇರುವ ಕಡೆ ನಿಲುಗಡೆ ಚಿಕ್ಕದು, ಹಸಿ ಹುಲ್ಲಿನಲ್ಲಿ ಉದ್ದ. ಜೋರು ಗಾಳಿ, ಮಳೆಯ ರಾತ್ರಿಗಳಲ್ಲಿ ಹೆಚ್ಚು ಹೊತ್ತು ಸುಮ್ಮನೆ ಕೂತಿರುತ್ತದೆ. ಸದ್ದಿನಲ್ಲಿ ಇಲಿಯ ಸದ್ದು ಮುಳುಗುತ್ತದೆ, ಮೆತ್ತನೆಯ ಗರಿಯೂ ಬೇಗ ನೆನೆಯುತ್ತದೆ. ಬಿದ್ದ ರೆಕ್ಕೆಗರಿ ಸಿಕ್ಕರೆ 10× ಲೆನ್ಸ್ ಹಿಡಿದು ಮುಂದಿನ ಅಂಚು ನೋಡಿ: ಬಾಚಣಿಗೆಯ ಹಲ್ಲುಗಳಂತೆ ಬಿಡಿಬಿಡಿ ಎಳೆಗಳು, ಮೇಲ್ಮೈ ಮೇಲೆ ಮಖಮಲ್ಲಿನ ನವಿರು, ಹಿಂದಿನ ಅಂಚಿಗೆ ಜಾಲರಿ. ಹಾರುವ ಸದ್ದು ಅಡಗಿದ್ದರಿಂದ ಇಲಿಗೆ ಗೂಬೆ ಕೇಳಿಸುವುದಿಲ್ಲ, ಗೂಬೆಗೆ ಇಲಿ ಕೇಳಿಸುತ್ತದೆ. ನೋಡಿ ಅಲ್ಲೇ ಬಿಡಿ, ಮನೆಗೆ ತರಬೇಡಿ. ಬಿಳಿ ಟಾರ್ಚ್, ಫ್ಲ್ಯಾಶ್, ಮೊಬೈಲಿನಲ್ಲಿ ಕೂಗು ಹಾಕುವುದು ಯಾವುದೂ ಬೇಡ. ಮಂದ ಕೆಂಪು ಬೆಳಕು ಸಾಕು.

ಏನು ಹಿಡಿಯಿತೆಂಬುದಕ್ಕೆ ಉಂಡೆಯೇ ಸಾಕ್ಷಿ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಜೀರ್ಣವಾಗದ ಕೂದಲು ಮೂಳೆಗಳನ್ನು ಉಂಡೆಗಟ್ಟಿ ಕಕ್ಕುತ್ತದೆ. ಉದ್ದ ಸುಮಾರು 3ರಿಂದ 7 ಸೆಂ.ಮೀ. ಹೊಸದು ಕಪ್ಪಗೆ, ವಾರ್ನಿಶ್ ಬಳಿದಂತೆ ಹೊಳೆಯುತ್ತದೆ. ಹಳೆಯದು ಬೂದು ಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ. ಗಿಡುಗ ಹದ್ದುಗಳ ಉಂಡೆ ಈ ಲೆಕ್ಕಕ್ಕೆ ಬರುವುದಿಲ್ಲ. ಅವು ಹರಿದು ತಿನ್ನುತ್ತವೆ, ಹೊಟ್ಟೆಯ ಆಮ್ಲವೂ ಗೂಬೆಯದಕ್ಕಿಂತ ತೀಕ್ಷ್ಣ, ಮೂಳೆ ಕರಗಿ ಕೂದಲು ಗರಿಯೇ ಹೆಚ್ಚು ಉಳಿಯುತ್ತದೆ.

ಪಾಳು ಮನೆ, ಹಳೆ ಗೋಪುರ, ಬಾವಿಯ ಗೋಡೆಗಳಲ್ಲಿ ಸುಣ್ಣ ಸುರಿದಂಥ ಬಿಳಿ ಗೆರೆ ಕಂಡರೆ ಕೆಳಗೆ ಹುಡುಕಿ. ಮೊದಲು ಹಳೆಯ ಉಂಡೆಗಳನ್ನೆಲ್ಲ ಗುಡಿಸಿ ತೆಗೆದು ಗೋಣಿಚೀಲ ಹಾಸಬೇಕು, ಇಲ್ಲದಿದ್ದರೆ ಸುಗ್ಗಿಯ ಊಟವೂ ಮಳೆಗಾಲದ ಊಟವೂ ಬೆರೆತುಹೋಗುತ್ತದೆ. ಆಮೇಲೆ ಹದಿನೈದು ದಿನಕ್ಕೊಮ್ಮೆ, ಕತ್ತಲಾಗಿ ಗೂಬೆ ಹೊರಟ ಮೇಲೆ ಆಯುವುದು. ಒಳಗಿನಿಂದ ಮರಿಗಳ ಬುಸುಗುಡುವ ಸದ್ದು ಬಂದರೆ ವಾಪಸಾಗಿ. ಜಾಗವನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ಗೂಬೆ ಕೂತರೆ ಅಪಶಕುನ ಎಂದು ಓಡಿಸುವವರೂ ಇದ್ದಾರೆ, ದೀಪಾವಳಿಯ ಹೊತ್ತಿಗೆ ಮಾಟಕ್ಕೆಂದು ಹಿಡಿಯುವವರೂ ಇದ್ದಾರೆ.

ತಂದ ಉಂಡೆಗಳನ್ನು ಒಣಗಿಸಿ, ಒಂದೊಂದನ್ನೂ ಬೇರೆ ಕಾಗದದ ಪೊಟ್ಟಣದಲ್ಲಿಟ್ಟು, ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ಕೆಲವು ದಿನ ಫ್ರೀಜರಿನಲ್ಲಿಡಿ. ಇಲ್ಲದಿದ್ದರೆ ನುಸಿಹುಳು ಕೂದಲು ತಿಂದು ಒಂದರ ಮೂಳೆ ಇನ್ನೊಂದಕ್ಕೆ ಸೇರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಹಸಿಯಾಗಿ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಬಿಡಿಸುವಾಗ ಕೈಗವಸು, ಮಾಸ್ಕ್ ಇರಲಿ. ಸಾಲ್ಮೊನೆಲ್ಲಾ ಇರುವ ಸಾಧ್ಯತೆಯಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬಿಳಿ ತಟ್ಟೆಯಲ್ಲಿ ಚಿಮುಟ ಮತ್ತು ಸೂಜಿಯಿಂದ ಕೂದಲು ಬಿಡಿಸಬೇಕು. ಕೂದಲನ್ನು ಟೀ ಸೋಸುವ ಜಾಲರಿಯಲ್ಲಿ ತೊಳೆದು ನೋಡದೆ ಎಸೆಯಬಾರದು. ಚಿಟ್ಟಿಲಿಯ ಕೆಳದವಡೆ ಅಲ್ಲೇ ಸಿಕ್ಕಿಕೊಂಡಿರುತ್ತದೆ.

ಎಣಿಕೆಯಲ್ಲಿ ಜಾಗ್ರತೆ. ತಲೆಬುರುಡೆ ಒಡೆದಿದ್ದರೆ ಬುರುಡೆ ಎಷ್ಟು, ಎಡದವಡೆ ಎಷ್ಟು, ಬಲದವಡೆ ಎಷ್ಟು ಎಂದು ಬೇರೆ ಎಣಿಸಿ, ಮೂರರಲ್ಲಿ ದೊಡ್ಡ ಸಂಖ್ಯೆಯನ್ನು ಹಿಡಿಯಬೇಕು. ಮುಂದೆ ಉಳಿಯಂಥ ಹಲ್ಲು, ಆಮೇಲೆ ಖಾಲಿ ಜಾಗ, ಆಮೇಲೆ ದವಡೆಹಲ್ಲು ಇದ್ದರೆ ಇಲಿ ಜಾತಿ. ಮೇಲಿನ ಉಳಿಹಲ್ಲಿನ ಮುಂಭಾಗದಲ್ಲಿ ಉದ್ದಕ್ಕೆ ಒಂದು ಗೀರು ಇದ್ದರೆ ಬಯಲಿನ ಜರ್ಬಿಲ್. ಗೀರಿಲ್ಲದೆ ದೊಡ್ಡದಾಗಿದ್ದರೆ ಹೆಗ್ಗಣ. ಮಧ್ಯೆ ಖಾಲಿ ಬಿಡದೆ ಚೂಪು ಬಿಳಿ ಹಲ್ಲುಗಳ ಸಾಲು ಇದ್ದರೆ ಅದು ಸುಂಡಿಲಿ, ಇಲಿಯೇ ಅಲ್ಲ. ನಡೆಯುತ್ತಲೇ ಚೀರುವ ಸುಂಡಿಲಿಯ ದವಡೆಗಳು ಹೆಚ್ಚಿದ್ದರೆ ಕಿವಿಯಿಂದಲೇ ಹಿಡಿದದ್ದು ಎಂದು ತೀರ್ಮಾನಿಸಲು ಮನಸ್ಸಾಗುತ್ತದೆ. ಆದರೆ ಆ ಹೊಲದಲ್ಲಿ ಸುಂಡಿಲಿಗಳೇ ಹೆಚ್ಚಿರಬಹುದಲ್ಲ? ಅದಕ್ಕೇ ಉಂಡೆ ಆಯುವ ತಿಂಗಳಲ್ಲೇ ಸುತ್ತಲಿನ ಬದುಗಳ ಬಿಲಗಳನ್ನೂ ಎಣಿಸುತ್ತೇನೆ, ಯಾವ ಬೆಳೆ, ಕೊಯ್ಲಾಗಿದೆಯೇ, ಇಲಿಪಾಷಾಣ ಇಟ್ಟಿದ್ದಾರೆಯೇ ಎಂದು ರೈತರನ್ನು ಕೇಳಿ ಬರೆಯುತ್ತೇನೆ. ಪಾಷಾಣ ಇಟ್ಟ ಹೊಲದಲ್ಲಿ ಇಲಿಗಳು ತೂರಾಡುತ್ತ ಬಯಲಿಗೆ ಬರುವುದರಿಂದ ಸುಲಭವಾಗಿ ಸಿಗುತ್ತವೆ. ಆ ವಿಷ ಗೂಬೆಗೂ ಏರುತ್ತದೆ. ಅಂಥ ಕಡೆಯ ಉಂಡೆಗಳನ್ನು ಬೇರೆ ಡಬ್ಬಿಯಲ್ಲಿಟ್ಟು, ಮೇಲೆ ಊರು, ತಿಂಗಳು, ವಿಷದ ಹೆಸರು ಬರೆದಿಡುತ್ತೇನೆ. ಉಳಿದವುಗಳ ಲೆಕ್ಕಕ್ಕೆ ಸೇರಿಸುವುದಿಲ್ಲ.