ಬಾಯಿಯ ಒಳಪದರವನ್ನು ತಿಂಗಳಿಗೊಮ್ಮೆ ಪರೀಕ್ಷಿಸಿಕೊಳ್ಳುವುದು ಹೇಗೆ?

ಕೊಡಗಿನ ಕಾಫಿ ತೋಟಗಳಲ್ಲಿ ಬೆಳಗಿನ ಚಳಿಗೆ, ಬಿಡದೆ ಸುರಿಯುವ ಜಡಿಮಳೆಗೆ, ಕೆಲಸದ ನಡುವಿನ ಹಸಿವಿಗೆ ಎಲೆ ಅಡಿಕೆಯೊಂದಿಗೆ ಚೂರು ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ಸೇರಿಸಿ ದವಡೆಯ ಸಂದಿಯಲ್ಲಿ ಇಟ್ಟುಕೊಳ್ಳುವುದು ಹಳೆಯ ರೂಢಿ. ತೋಟದ ಲೈನ್ ಮನೆಗಳಲ್ಲಿ ಮಾತ್ರವಲ್ಲ, ಪೇಟೆಯ ಅಂಗಡಿಗಳಲ್ಲೂ ಲಾರಿ ನಿಲ್ದಾಣಗಳಲ್ಲೂ ಇದನ್ನು ಕಾಣಬಹುದು. ಈ ರೂಢಿಯಿಂದ ಬರುವ ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ಏಕಾಏಕಿ ಬರುವುದಿಲ್ಲ. ಎಷ್ಟೋ ಜನರಲ್ಲಿ ಅದು ವರ್ಷಗಟ್ಟಲೆ ಮೊದಲೇ ಕಲೆಯಾಗಿ, ಗಡಸಾಗಿ, ವಾಸಿಯಾಗದ ಹುಣ್ಣಾಗಿ ತನ್ನ ಸುಳಿವು ಕೊಡುತ್ತದೆ. ಹೊಟ್ಟೆಯೊಳಗಿನ ಅಂಗದಲ್ಲಿ ಜೀವಕೋಶಗಳು ಹಾದಿ ತಪ್ಪಿದರೆ ಅದನ್ನು ತಿಳಿಯಲು ಸ್ಕ್ಯಾನಿಂಗ್ ಬೇಕು, ಬಾಯಿಯಲ್ಲಾದರೆ ಕನ್ನಡಿ ಮತ್ತು ಟಾರ್ಚು ಸಾಕು. ಹೀಗಿದ್ದೂ ಬಾಯಿ ತೆರೆಯಲಾಗದ ಸ್ಥಿತಿಗೆ ಬಂದ ಮೇಲೆ ಆಸ್ಪತ್ರೆಗೆ ಹೋಗುವವರು ಇಂದಿಗೂ ಇದ್ದಾರೆ ಎಂಬುದು ನೋವಿನ ಸಂಗತಿ.

ಪರೀಕ್ಷೆಗೆ ಕೂರುವ ಮುನ್ನ ನಾವು ನೋಡಲಿರುವುದು ಏನನ್ನು ಎಂಬುದು ತಿಳಿದಿರಬೇಕು. ಕೆನ್ನೆಯ ಒಳಪದರವು ಸುಮಾರು ಅರ್ಧ ಮಿಲಿಮೀಟರ್ ದಪ್ಪವಿದ್ದು, ಅದರಲ್ಲಿ ಜೀವಕೋಶಗಳು ಒಂದರ ಮೇಲೊಂದರಂತೆ ಹತ್ತಾರು ಸಾಲುಗಳಲ್ಲಿ ಕೂಡಿರುತ್ತವೆ. ಹೊಸ ಕೋಶಗಳು ಹುಟ್ಟುವುದು ತಳದ ಸಾಲುಗಳಲ್ಲಿ. ಅಲ್ಲಿನ ಕಾಂಡಕೋಶ ಒಡೆದು ಎರಡಾದಾಗ ಸಾಮಾನ್ಯವಾಗಿ ಒಂದು ತಳದಲ್ಲೇ ಉಳಿದರೆ ಇನ್ನೊಂದು ಮೇಲಕ್ಕೆ ಸರಿಯುತ್ತದೆ. ಸರಿಯುತ್ತ ಸರಿಯುತ್ತ ಒಡೆಯುವ ಶಕ್ತಿಯನ್ನು ಬಿಟ್ಟುಕೊಟ್ಟು, ಚಪ್ಪಟೆಯಾಗಿ, ಕೊನೆಗೆ ಮೇಲ್ಮೈಯಿಂದ ಉದುರಿ ಎಂಜಲಿನೊಂದಿಗೆ ಹೊಟ್ಟೆ ಸೇರುತ್ತದೆ. ಒಳಗೆನ್ನೆಯನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಉಜ್ಜಿ, ಗಾಜಿನ ಪಟ್ಟಿಯ ಮೇಲೆ ಸವರಿ, ಒಂದು ತೊಟ್ಟು ಮೆಥಿಲೀನ್ ಬ್ಲೂ ಹಾಕಿ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುವುದು ಹೀಗೆ ಉದುರಲು ಸಿದ್ಧವಾದ ಕೋಶಗಳೇ: ಅಂಚು ಮಡಚಿದ, ತೆಳುನೀಲಿಯ, ಅಗಲವಾದ ಬಿಲ್ಲೆಗಳು, ಒಂದೊಂದರ ನಡುವೆ ಕಡುನೀಲಿಯ ಒಂದೇ ಚುಕ್ಕಿ. ಆ ಚುಕ್ಕಿಯೇ ಡಿಎನ್‌ಎ ಇರುವ ಕೋಶಕೇಂದ್ರ. ಕೋಶದ ಅಗಲಕ್ಕೆ ಹೋಲಿಸಿದರೆ ಅದು ತೀರ ಸಣ್ಣದು ಎಂಬುದನ್ನು ನೆನಪಿಟ್ಟುಕೊಂಡರೆ ಮುಂದೆ ಬಯಾಪ್ಸಿಯ ವರದಿ ಓದುವಾಗ ಅನುಕೂಲವಾಗುತ್ತದೆ.

ತಳದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಕೆನ್ನೆಯ ಒಳಭಾಗದಲ್ಲಿ ಸುಮಾರು ಎರಡು ವಾರ ಹಿಡಿಯುತ್ತದೆ. ಬಾಯಿಯ ಸಣ್ಣಪುಟ್ಟ ಗಾಯ ಬೇಗ ಮಾಯುವುದಕ್ಕೆ ಇದೂ ಒಂದು ಕಾರಣ. ಈ ಲೇಖನದಲ್ಲಿ ಮತ್ತೆ ಮತ್ತೆ ಬರುವ ಎರಡು ವಾರದ ಗಡುವಿಗೂ ಈ ಲೆಕ್ಕವೇ ಆಧಾರ.

ಹೊಂದಿಕೊಂಡ ಕೋಶ, ಹಾದಿ ತಪ್ಪಿದ ಕೋಶ

ಜೀವಕೋಶಗಳು ತಮ್ಮ ಮೇಲೆ ಬೀಳುವ ಒತ್ತಡಕ್ಕೆ ತಕ್ಕಂತೆ ಬದಲಾಗುತ್ತವೆ. ಕಾಫಿ ಗಿಡದ ಕಪಾತು ಮಾಡುವವರ ಅಂಗೈಯಲ್ಲಿ ಕತ್ತಿಯ ಹಿಡಿ ಒತ್ತುವ ಜಾಗ ದಡ್ಡುಗಟ್ಟುತ್ತದೆ. ಅಲ್ಲಿನ ಕೋಶಗಳು ಹೆಚ್ಚು ಹೆಚ್ಚಾಗಿ ಒಡೆದು, ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನು ತುಂಬಿಕೊಂಡು, ಕೆಳಗಿನ ಮೆದು ಭಾಗಕ್ಕೆ ಕಾವಲಾಗುತ್ತವೆ. ಮೂಟೆ ಹೊರುವವರ ಭುಜದ ಸ್ನಾಯುವಿನಲ್ಲಿ ಕೋಶಗಳ ಸಂಖ್ಯೆ ಅಷ್ಟಾಗಿ ಹೆಚ್ಚದೆ ಇದ್ದ ಕೋಶಗಳೇ ದಪ್ಪವಾಗುತ್ತವೆ. ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿ ತಿಂಗಳುಗಟ್ಟಲೆ ಕೂತರೆ ಅವೇ ಕೋಶಗಳು ಸೊರಗುತ್ತವೆ. ಬೀಡಿ ಸೇದುವವರ ಶ್ವಾಸನಾಳದಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ರೋಮಗಳುಳ್ಳ ಕೋಶಗಳ ಜಾಗಕ್ಕೆ ಹೊಗೆಯನ್ನು ತಾಳಿಕೊಳ್ಳುವ ಚಪ್ಪಟೆ ಕೋಶಗಳು ಬರುತ್ತವೆ. ತಾಳುವ ಶಕ್ತಿಯೇನೋ ಬಂತು, ಆದರೆ ಕಫ ತಳ್ಳುವವರು ಇಲ್ಲದಂತಾಯಿತು.

ಈ ಎಲ್ಲ ಬದಲಾವಣೆಗಳಿಗೂ ಇರುವ ಸಮಾನ ಗುಣ ಒಂದೇ: ಕಾರಣ ಹೋದರೆ ಬದಲಾವಣೆಯೂ ಬಹುಮಟ್ಟಿಗೆ ಹಿಂದಕ್ಕೆ ಸರಿಯುತ್ತದೆ. ಕತ್ತಿ ಹಿಡಿಯುವುದನ್ನು ಬಿಟ್ಟರೆ ದಡ್ಡು ಕರಗುತ್ತದೆ. ಹಾದಿ ತಪ್ಪಿದ ಕೋಶ ಹಾಗಲ್ಲ, ಕಾರಣ ಹೋದ ಮೇಲೂ ಅದು ಒಡೆಯುತ್ತಲೇ ಇರುತ್ತದೆ. ಇವೆರಡನ್ನೂ ಬರಿಗಣ್ಣಿನಿಂದ ನೋಡಿ ಬೇರೆ ಮಾಡಲು ವೈದ್ಯರಿಗೂ ಎಷ್ಟೋ ಸಲ ಸಾಧ್ಯವಾಗುವುದಿಲ್ಲ. ಆದ್ದರಿಂದ ಮನೆಯ ಪರೀಕ್ಷೆಯ ಮುಖ್ಯ ಸೂತ್ರ ಇದು: ಕಾರಣವನ್ನು ತೆಗೆಯಿರಿ, ಎರಡು ವಾರ ಕಾಯಿರಿ, ಆಮೇಲೂ ಉಳಿದದ್ದನ್ನು ವೈದ್ಯರಿಗೆ ತೋರಿಸಿ.

ಪರೀಕ್ಷೆಯ ಹಂತಗಳು

ಮಳೆಗಾಲದಲ್ಲಿ ಕೊಡಗಿನ ಮನೆಗಳ ಒಳಗೆ ಹಗಲಿನಲ್ಲೂ ಮಬ್ಬು ಇರುವುದರಿಂದ ಕಿಟಕಿಯ ಬೆಳಕನ್ನು ನಂಬದೆ ಟಾರ್ಚನ್ನೋ ಮೊಬೈಲಿನ ಬೆಳಕನ್ನೋ ಬಳಸಬೇಕು. ಬಾಯಿ ಮುಕ್ಕಳಿಸಿ, ಎಲೆ ಅಡಿಕೆಯ ಕೆಂಪು ಹೋಗುವವರೆಗೆ ತೊಳೆದು, ಕಟ್ಟಿಸಿದ ಹಲ್ಲಿದ್ದರೆ ತೆಗೆದಿಟ್ಟು, ಸೋಪಿನಿಂದ ಕೈ ತೊಳೆದುಕೊಂಡು ಕನ್ನಡಿಯ ಮುಂದೆ ಕೂರಿ. ದೃಷ್ಟಿ ಮಂದವಾದ ಹಿರಿಯರಿದ್ದರೆ ಮನೆಯ ಇನ್ನೊಬ್ಬರು ನೋಡಬಹುದು.

ತುಟಿಗಳನ್ನು ಮಡಚಿ ಒಳಮೈಯನ್ನೂ ಒಸಡುಗಳನ್ನೂ ನೋಡುವುದು ಮೊದಲ ಹಂತ. ಇದಕ್ಕೆ ಅರ್ಧ ನಿಮಿಷ ಸಾಕು.

ಎರಡನೆಯದು ಕೆನ್ನೆ. ಇಲ್ಲಿ ಅವಸರ ಸಲ್ಲದು, ಏಕೆಂದರೆ ನಮ್ಮ ದೇಶದ ಬಾಯಿಯ ಕ್ಯಾನ್ಸರ್ ಬಹಳಷ್ಟು ಸಲ ಮೊಳೆಯುವುದು ಕೆನ್ನೆ ಮತ್ತು ಕೆಳ ಒಸಡು ಸೇರುವ ಸಂದಿಯಲ್ಲಿ, ಅಂದರೆ ಹೊಗೆಸೊಪ್ಪಿನ ಉಂಡೆ ಕೂರುವ ಜಾಗದಲ್ಲೇ. ಬೆರಳಿನಿಂದ ಕೆನ್ನೆಯನ್ನು ಹೊರಕ್ಕೆ ಎಳೆದು, ಕಟ್ಟಕಡೆಯ ದವಡೆ ಹಲ್ಲಿನ ಹಿಂಬದಿಯವರೆಗೂ ಬೆಳಕು ಬಿಡಿ. ಹಲ್ಲುಗಳು ಕೂಡುವ ಮಟ್ಟದಲ್ಲಿ ಕಾಣುವ ತೆಳುವಾದ ಬಿಳಿ ಗೆರೆ, ಅಲ್ಲಲ್ಲಿ ಇರುವ ಹಳದಿ ಬಣ್ಣದ ಸಣ್ಣ ಚುಕ್ಕಿಗಳು ಸಹಜವಾದವು. ಉಂಡೆ ಇಡುವ ಜಾಗದಲ್ಲಿ ಬೂದುಬಿಳುಪಾಗಿ ಸುಕ್ಕುಗಟ್ಟಿದ ಪದರ ಕಂಡರೆ ಒದ್ದೆ ಹತ್ತಿಬಟ್ಟೆಯಿಂದ ಮೆಲ್ಲಗೆ ಒರೆಸಿ ನೋಡಿ. ಒರೆಸಿದಾಗ ಎದ್ದು ಬರುವ ಬಿಳುಪು ಬಹುಮಟ್ಟಿಗೆ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು, ಅದಕ್ಕೆ ಔಷಧಿಯಿದೆ. ಒರೆಸಿದರೂ ಹೋಗದ, ಬೇರೆ ಕಾರಣ ಹೇಳಲಾಗದ ಬಿಳಿ ಮಚ್ಚೆಯನ್ನು ವೈದ್ಯರು ಲ್ಯೂಕೋಪ್ಲೇಕಿಯಾ ಎನ್ನುತ್ತಾರೆ. ಮುರುಕು ಹಲ್ಲಿನ ಚೂಪಾದ ಅಂಚು ಉಜ್ಜಿ ಉಜ್ಜಿ ಆದ ಬಿಳುಪೂ ನೋಡಲು ಹಾಗೆಯೇ ಇರುತ್ತದೆ, ಆದರೆ ದಂತವೈದ್ಯರು ಹಲ್ಲಿನ ಅಂಚನ್ನು ನಯಗೊಳಿಸಿದ ಕೆಲವೇ ವಾರಗಳಲ್ಲಿ ಮಾಯವಾಗುತ್ತದೆ.

ಬಿಳಿಗಿಂತ ಕೆಂಪು ಮಚ್ಚೆ ಹೆಚ್ಚು ಅಪಾಯಕಾರಿ. ಮಖಮಲ್ಲಿನಂತೆ ನುಣುಪಾದ, ನೋವಿಲ್ಲದ ಕೆಂಪು ಮಚ್ಚೆಯಾಗಲಿ ಬಿಳಿ ಕೆಂಪು ಬೆರೆತ ಮಚ್ಚೆಯಾಗಲಿ ಕಂಡರೆ ಎರಡು ವಾರವನ್ನೂ ಕಾಯಬೇಡಿ. ನೋವಿಲ್ಲವೆಂಬುದು ಇಲ್ಲಿ ಸಮಾಧಾನದ ಮಾತಲ್ಲ. ಶುರುವಿನ ಕ್ಯಾನ್ಸರ್ ಹೆಚ್ಚಾಗಿ ನೋಯುವುದಿಲ್ಲ.

ಮೂರನೆಯ ಹಂತದಲ್ಲಿ ನಾಲಗೆಯ ತುದಿಯನ್ನು ಬಟ್ಟೆಯಿಂದ ಹಿಡಿದು ಎಡಕ್ಕೂ ಬಲಕ್ಕೂ ಎಳೆದು ಎರಡೂ ಅಂಚುಗಳನ್ನು, ಬಳಿಕ ನಾಲಗೆಯನ್ನು ಮೇಲಕ್ಕೆತ್ತಿ ಅದರ ತಳವನ್ನೂ ಬಾಯಿಯ ನೆಲವನ್ನೂ ನೋಡಬೇಕು. ನಾಲಗೆಯ ಬೇರಿನ ಕಡೆ ಸಾಲಾಗಿ ಕಾಣುವ ಗುಂಡನೆಯ ಉಬ್ಬುಗಳು ರುಚಿಯ ಮೊಗ್ಗುಗಳ ನೆಲೆ, ಅವನ್ನು ಕಂಡು ಹೆದರಬೇಕಿಲ್ಲ. ನಂತರ ತಲೆಯನ್ನು ಹಿಂದಕ್ಕೆ ಬಾಗಿಸಿ ಅಂಗುಳನ್ನು ನೋಡಿ, ಕತ್ತಿನ ಎರಡೂ ಬದಿಯನ್ನು, ದವಡೆಯ ಅಡಿಯನ್ನು ಬೆರಳುಗಳಿಂದ ಒತ್ತಿ ಗಂಟುಗಳಿವೆಯೇ ಎಂದು ತಡವಿಕೊಳ್ಳಿ.

ಕೊನೆಯದಾಗಿ ಬಾಯಿಯನ್ನು ಪೂರ್ತಿ ತೆರೆದು ನಿಮ್ಮದೇ ಕೈಯ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಕೆಳಗೊಂದರಂತೆ ಮೇಲಿನ ಹಾಗೂ ಕೆಳಗಿನ ಮುಂಬಲ್ಲುಗಳ ನಡುವೆ ಇಟ್ಟು ನೋಡಿ. ಮೂರು ಬೆರಳು ಹಿಡಿಸದಿದ್ದರೆ ಗಮನ ಕೊಡಬೇಕು.

ಈ ಬೆರಳಿನ ಪರೀಕ್ಷೆಗೆ ಒಂದು ವಿಶೇಷ ಕಾರಣವಿದೆ. ಹೊಗೆಸೊಪ್ಪು ಸೇರಿಸದೆ ಬರೀ ಅಡಿಕೆಯನ್ನು ಅಗಿದರೆ ತೊಂದರೆಯಿಲ್ಲ ಎಂಬ ನಂಬಿಕೆ ಅಡಿಕೆ ಬೆಳೆಯುವ ಸೀಮೆಗಳಲ್ಲೆಲ್ಲ ಗಟ್ಟಿಯಾಗಿದೆ, ಕೊಡಗಿನಲ್ಲೂ ಇದೆ. ಅಡಿಕೆಯನ್ನು ನಂಬಿ ಬದುಕುವ ಕುಟುಂಬಗಳ ಬಗ್ಗೆ ಗೌರವವಿಟ್ಟುಕೊಂಡೇ ಹೇಳಬೇಕಾದ ಮಾತೆಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕವು ಒಳಪದರದ ಕೆಳಗಿರುವ, ನಾರನ್ನು ನೇಯುವ ಕೋಶಗಳನ್ನು ಕೆರಳಿಸುತ್ತದೆ. ಅವು ಕೊಲಾಜನ್ ನಾರನ್ನು ಬೇಕಾದುದಕ್ಕಿಂತ ಹೆಚ್ಚು ನೇಯುತ್ತವೆ. ಅಡಿಕೆಯಲ್ಲಿರುವ ತಾಮ್ರದ ಅಂಶವು ಆ ನಾರುಗಳನ್ನು ಒಂದಕ್ಕೊಂದು ಬಿಗಿಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಗಾಯ ಮಾಯಿಸಬೇಕಾದ ಕೋಶ ನಿಲ್ಲುವುದನ್ನು ಮರೆತರೆ ಆಗುವುದು ಇದು. ಮೊದಲು ಖಾರ ಹುಳಿ ತಾಗಿದರೆ ಬಾಯಿ ಉರಿಯುತ್ತದೆ, ಕಾಚಂಪುಳಿ ಹಾಕಿದ ಪಂದಿಕರಿಯನ್ನು ಇಷ್ಟಪಟ್ಟು ತಿನ್ನುತ್ತಿದ್ದವರು ತಟ್ಟೆ ಸರಿಸುತ್ತಾರೆ. ಬರಬರುತ್ತ ಕೆನ್ನೆಯ ಒಳಭಾಗ ಅಮೃತಶಿಲೆಯಂತೆ ಬಿಳಿಚಿಕೊಂಡು, ಬೆರಳಾಡಿಸಿದರೆ ಹುರಿಹುರಿಯಾದ ಪಟ್ಟಿಗಳು ಸಿಗುತ್ತವೆ, ಬಾಯಿ ತೆರೆಯುವುದು ಕಡಿಮೆಯಾಗುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ರೋಗದಲ್ಲಿ, ದಡ್ಡು ಕರಗಿದ ಹಾಗೆ ನಾರು ತಾನಾಗಿ ಕರಗುವುದಿಲ್ಲ. ಅಡಿಕೆ ಬಿಟ್ಟರೆ ಅದು ಮುಂದುವರಿಯುವುದನ್ನು ತಡೆಯಬಹುದು, ಚಿಕಿತ್ಸೆ ಮತ್ತು ವ್ಯಾಯಾಮದಿಂದ ಬಾಯಿ ಸ್ವಲ್ಪ ಹೆಚ್ಚು ತೆರೆಯುವಂತೆ ಮಾಡಬಹುದು. ಕೆಂಪು ಮಚ್ಚೆಯಂತೆ ಇದೂ ಎರಡು ವಾರದ ಸೂತ್ರಕ್ಕೆ ಹೊರತಾದದ್ದು: ಬಾಯಿ ಬಿಗಿಯುತ್ತಿದೆ ಎನಿಸಿದ ದಿನವೇ ತೋರಿಸಬೇಕು.

ಕಂಡದ್ದನ್ನು ಬರೆದಿಡಿ

ಮಚ್ಚೆ ಅಥವಾ ಹುಣ್ಣು ಕಂಡ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಸಾಧ್ಯವಾದರೆ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಅಂದಿನಿಂದ ಹೊಗೆಸೊಪ್ಪು, ಅಡಿಕೆ, ಸುಣ್ಣ, ಬೀಡಿ ಯಾವುದೂ ಬೇಡ. ಬಿಡಲು ಕಷ್ಟವಾಗುವವರು 1800-112-356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಗೆ ಕರೆ ಮಾಡಬಹುದು. ಎರಡು ವಾರವಾದ ಮೇಲೂ ಅದು ಅಲ್ಲೇ ಇದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಮೂವತ್ತು ದಾಟಿದವರ ಬಾಯಿ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಸೇರಿದ್ದು, ಆಶಾ ಕಾರ್ಯಕರ್ತೆಯರು ದಾರಿ ತೋರಿಸುತ್ತಾರೆ. ಮುಂದಿನ ಪರೀಕ್ಷೆಗೆ ಜಿಲ್ಲೆಯೊಳಗೇ ಮಡಿಕೇರಿಯ ವೈದ್ಯಕೀಯ ಕಾಲೇಜು, ವಿರಾಜಪೇಟೆಯ ದಂತ ವೈದ್ಯಕೀಯ ಕಾಲೇಜುಗಳಿವೆ.

ಬರೀ ನೋಡುವುದರಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನೆರೆಯ ಕೇರಳದಲ್ಲಿ ಉತ್ತರವಿದೆ. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಶುರುವಾದ ಅಧ್ಯಯನವೊಂದರಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿಯನ್ನು ಬರಿಗಣ್ಣಿನಿಂದ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇ 34ರಷ್ಟು ಕಡಿಮೆಯಾಗಿತ್ತು.

ಬಯಾಪ್ಸಿ ವರದಿಯನ್ನು ಓದುವುದು

ಮಚ್ಚೆಯ ಸಣ್ಣ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಬಯಾಪ್ಸಿ. ತುಣುಕು ತೆಗೆದರೆ ರೋಗ ಹರಡುತ್ತದೆ ಎಂಬ ಭಯದಿಂದ ಬೇಡವೆನ್ನುವವರಿದ್ದಾರೆ. ಆ ಭಯಕ್ಕೆ ಮಣಿದು ತಿಂಗಳುಗಳನ್ನು ಕಳೆಯುವುದೇ ನಿಜವಾದ ಅಪಾಯ.

ವರದಿಯಲ್ಲಿ ಹೈಪರ್‌ಕೆರಟೋಸಿಸ್ ಎಂದಷ್ಟೇ ಇದ್ದರೆ ಅಂಗೈಯ ದಡ್ಡಿನಂತೆ ಕೆರಾಟಿನ್ ಹೆಚ್ಚಾಗಿದೆ ಎಂದರ್ಥ. ಹೈಪರ್‌ಪ್ಲೇಸಿಯಾ ಎಂದರೆ ಕೋಶಗಳ ಸಂಖ್ಯೆ ಹೆಚ್ಚಿದೆ, ಕ್ರಮ ಕೆಟ್ಟಿಲ್ಲ. ಡಿಸ್‌ಪ್ಲೇಸಿಯಾ ಎಂಬ ಪದ ಬಂದರೆ ಎಚ್ಚರಗೊಳ್ಳಬೇಕು. ಹೊಗೆಸೊಪ್ಪಿನಲ್ಲಿರುವ ನೈಟ್ರೋಸಮೀನ್ ಎಂಬ ರಾಸಾಯನಿಕಗಳು ದೇಹದೊಳಗೆ ಮಾರ್ಪಟ್ಟು ಡಿಎನ್‌ಎಗೆ ಅಂಟಿಕೊಂಡು ಅದರ ಬರಹವನ್ನು ಕೆಡಿಸುತ್ತವೆ. ಕೆಟ್ಟ ಬರಹವನ್ನು ಸರಿಪಡಿಸುವ ಏರ್ಪಾಡು ಪ್ರತಿ ಕೋಶದಲ್ಲೂ ಇದೆ. ಸರಿಪಡಿಸಲಾಗದಿದ್ದರೆ ಪಿ53 ಎಂಬ ಪ್ರೋಟೀನು ಒಡೆಯುವುದನ್ನು ನಿಲ್ಲಿಸಿ, ಅಗತ್ಯ ಬಿದ್ದರೆ ಆ ಕೋಶವೇ ಸಾಯುವಂತೆ ಮಾಡುತ್ತದೆ. ಪಿ53 ತಯಾರಿಸುವ ಜೀನ್ ಕೆಟ್ಟಾಗ ಈ ತಡೆ ಇಲ್ಲವಾಗುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕೆಟ್ಟಿರುವುದು ಈ ಜೀನ್.

ಆಗ ತಳದಲ್ಲೇ ಇರಬೇಕಾದ ಒಡೆಯುವ ಕೋಶಗಳು ಮೇಲಿನ ಸಾಲುಗಳಲ್ಲೂ ಕಾಣಿಸಿಕೊಳ್ಳುತ್ತವೆ, ಸಣ್ಣ ಚುಕ್ಕಿಯಂತಿರಬೇಕಾದ ಕೋಶಕೇಂದ್ರ ಹಿಗ್ಗಿ, ಕಪ್ಪಾಗಿ, ಕೋಶದ ಬಹುಪಾಲನ್ನು ತುಂಬಿಕೊಳ್ಳುತ್ತದೆ. ಈ ಗೊಂದಲ ಪದರದ ಕೆಳಗಿನ ಮೂರನೇ ಒಂದು ಭಾಗದಲ್ಲಿದ್ದರೆ ಸೌಮ್ಯ, ನಡುವಿನವರೆಗೆ ಬಂದಿದ್ದರೆ ಮಧ್ಯಮ, ಅದಕ್ಕೂ ಮೇಲೇರಿದ್ದರೆ ತೀವ್ರ ಎಂದು ಬರೆಯುತ್ತಾರೆ. ಇಷ್ಟಾದರೂ ಅದು ಇನ್ನೂ ಹರಡುವ ಕ್ಯಾನ್ಸರಲ್ಲ. ಸೌಮ್ಯ ಹಂತದಲ್ಲಿ ಚಟ ಬಿಟ್ಟು ಪದರ ಮೊದಲಿನಂತಾದವರಿದ್ದಾರೆ. ಕೋಶಗಳು ತಳಪೊರೆಯನ್ನು ಸೀಳಿ ಕೆಳಗಿಳಿದಾಗ ಮಾತ್ರ ವರದಿ ಅದನ್ನು ಹರಡುವ ಕಾರ್ಸಿನೋಮ, ಅಂದರೆ ಹರಡುವ ಕ್ಯಾನ್ಸರ್ ಎನ್ನುತ್ತದೆ. ಆ ಪೊರೆಯ ಕೆಳಗೆ ರಕ್ತನಾಳಗಳಿವೆ, ದುಗ್ಧನಾಳಗಳಿವೆ, ಅವುಗಳ ಮೂಲಕ ಕತ್ತಿನ ಗ್ರಂಥಿಗಳಿಗೆ ದಾರಿಯಿದೆ.

ಮಚ್ಚೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡವರು ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬಾರದು. ಹೊಗೆಸೊಪ್ಪಿನ ರಸ ತಾಗಿದ್ದು ಬಾಯಿಯ ಎಲ್ಲ ಕಡೆಗೂ ಆದ್ದರಿಂದ, ನೋಡಲು ಸಹಜವಾಗಿರುವ ಜಾಗದಲ್ಲೂ ಡಿಎನ್‌ಎ ಕೆಟ್ಟ ಕೋಶಗಳು ಇರಬಹುದು ಎಂಬುದನ್ನು ವೈದ್ಯವಿಜ್ಞಾನ 1953ರಷ್ಟು ಹಿಂದೆಯೇ ಗುರುತಿಸಿದೆ. ಅಂಥವರು ವೈದ್ಯರು ಹೇಳಿದ ದಿನಗಳಂದು ತಪ್ಪದೆ ತಪಾಸಣೆಗೆ ಹೋಗುವುದರ ಜೊತೆಗೆ, ಮನೆಯಲ್ಲಿ ತಿಂಗಳಿಗೊಮ್ಮೆ ನೋಡಿಕೊಳ್ಳುವಾಗ ಹಳೆಯ ಗಾಯದ ಗುರುತನ್ನೂ, ಉಂಡೆ ಎಂದೂ ಇಡದಿದ್ದ ಇನ್ನೊಂದು ಕೆನ್ನೆಯನ್ನೂ, ನಾಲಗೆಯ ಎರಡೂ ಅಂಚುಗಳನ್ನೂ ಅಷ್ಟೇ ನಿಧಾನವಾಗಿ ನೋಡಬೇಕು.