ಕೊಂಡುಕುರಿಯ ನೆಲೆಯನ್ನು ಗುರುತಿಸಿ ದಾಖಲಿಸುವ ಬಗೆ

ಭಾರತ ಮತ್ತು ನೇಪಾಳಗಳಲ್ಲಿ ಮಾತ್ರ ಬದುಕಿರುವ ಕೊಂಡುಕುರಿ ನೀಲಗಾಯಿಯ ಹತ್ತಿರದ ಸಂಬಂಧಿಯಾದ ಪುಟ್ಟ ಹುಲ್ಲೆ. ಭುಜದ ಬಳಿ ಸುಮಾರು ಎರಡು ಅಡಿ ಎತ್ತರವಿರುವ, 20 ಕಿಲೋ ಆಸುಪಾಸು ತೂಗುವ ಈ ಪ್ರಾಣಿ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿಯೋ ಜೋಡಿಯಾಗಿಯೋ ಓಡಾಡುತ್ತದೆ, ಸದ್ದಾದರೆ ಪೊದೆಯ ಮರೆಯಲ್ಲಿ ಅಲುಗಾಡದೆ ನಿಂತುಬಿಡುತ್ತದೆ. ಆದ್ದರಿಂದ ಅದನ್ನು ಕಣ್ಣಾರೆ ಕಾಣುವ ಹಟ ಬಿಟ್ಟು, ಅದರ ಹಿಕ್ಕೆಯನ್ನು ಹುಡುಕುವುದೇ ಜಾಣತನ.

ಹುಡುಕಾಟಕ್ಕೆ ಎಲೆಯುದುರುವ ಒಣ ಕಾಡನ್ನು, ಅದರಲ್ಲೂ ಕಡಿದಲ್ಲದ ಏರಿಳಿತದ ಗುಡ್ಡಗಳನ್ನು ಆಯ್ದುಕೊಳ್ಳಬೇಕು. ಮೈ ಮರೆಸುವಷ್ಟು ಹುಲ್ಲು ಬೆಳೆದಿರುವ, ನೀರಿನಿಂದ ಬಹುದೂರವಲ್ಲದ ಜಾಗಗಳು ಕೊಂಡುಕುರಿಗೆ ಇಷ್ಟ. ಬಂಡೀಪುರ, ನಾಗರಹೊಳೆಗಳಲ್ಲಿ ಇದು ಇದೆಯಾದರೂ ಅಲ್ಲಿ ಆನೆ, ಹುಲಿಗಳ ನಡುವೆ ಇದನ್ನು ಕೇಳುವವರಿಲ್ಲ. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡನ್ನು 2011ರಲ್ಲಿ ಇದರ ಹೆಸರಿನಲ್ಲೇ ವನ್ಯಧಾಮವೆಂದು ಘೋಷಿಸಲಾಯಿತು. ಎಲ್ಲಿಗೆ ಹೋಗುವುದಿದ್ದರೂ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದು, ಆ ಭಾಗದ ಕಾವಲುಗಾರರನ್ನು ಜೊತೆಗೆ ಕರೆದೊಯ್ಯುವುದು ಕಡ್ಡಾಯವೆಂದೇ ಭಾವಿಸಬೇಕು.

ಮಳೆಗಾಲದಲ್ಲಿ ಹಿಕ್ಕೆ ಬೇಗ ಕರಗಿ, ಸೆಗಣಿ ಹುಳುಗಳ ಪಾಲಾಗುವುದರಿಂದ ಒಣ ತಿಂಗಳುಗಳೇ ಅನುಕೂಲ. ಕೊಂಡುಕುರಿ ಒಂದೇ ತಾಣಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವ ರೂಢಿಯುಳ್ಳದ್ದು. ಹೀಗಾಗಿ ಕಾಲುದಾರಿಯ ಅಂಚಿನಲ್ಲೋ ಮರದ ಬುಡದಲ್ಲೋ ಕಾಣುವ ಗುಡ್ಡೆಯಲ್ಲಿ, ಬೂದು ಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟ ಹಳೆಯ ಉಂಡೆಗಳ ಮೇಲೆ ಕಪ್ಪಗೆ ಮಿರುಗುವ ಹೊಸ ಉಂಡೆಗಳು ಬಿದ್ದಿದ್ದರೆ ಆ ತಾಣ ಇನ್ನೂ ಬಳಕೆಯಲ್ಲಿದೆ ಎಂದು ತಿಳಿಯಬಹುದು. ಆದರೆ ಮೇಕೆ ಮೇಯುವ ಕಾಡಿನಲ್ಲಿ, ಕಾಡುಕುರಿ ಎಂಬ ಪುಟ್ಟ ಜಿಂಕೆ ಇರುವ ಕಾಡಿನಲ್ಲಿ ಹಿಕ್ಕೆಯೊಂದನ್ನೇ ನಂಬಿ ತೀರ್ಮಾನಿಸಬಾರದು. ಅನುಮತಿ ದೊರೆತರೆ ಗುಡ್ಡೆಯ ಎದುರಿನ ಮರಕ್ಕೆ ಮೊಣಕಾಲಿನ ಎತ್ತರದಲ್ಲಿ, ಪ್ರಾಣಿ ಸುಳಿದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಕಟ್ಟಿ ಖಚಿತಪಡಿಸಿಕೊಳ್ಳಬೇಕು.

ಚಿತ್ರ ಸಿಕ್ಕ ಮೇಲೂ ಆತುರ ಸಲ್ಲದು. ಕೊಂಡುಕುರಿಗೆ ಹಿಂದೊಂದು, ಮುಂದೊಂದು ಎಂದು ಎರಡು ಜೋಡಿ ಕೊಂಬುಗಳು; ಅವು ಗಂಡಿಗೆ ಮಾತ್ರ ಇರುತ್ತವೆ. ಮುಂದಿನ ಜೋಡಿ ಎಷ್ಟೋ ಸಲ ಬರೀ ಮೊಳಕೆಯಂತಿದ್ದು ಚಿತ್ರದಲ್ಲಿ ಕಾಣಿಸುವುದೇ ಇಲ್ಲ. ಹೆಣ್ಣನ್ನು ಗುರುತಿಸಲು ಮುಂಗಾಲುಗಳ ಮುಂಭಾಗದಲ್ಲಿ ಇಳಿಯುವ ಕಪ್ಪು ಪಟ್ಟಿಯನ್ನೂ ಮಂಕಾದ ಕಂದು ಮೈಬಣ್ಣವನ್ನೂ ನೋಡಬೇಕು. ಕಾಡುಕುರಿಯ ಮೈ ಇದಕ್ಕಿಂತ ಕೆಂಪು, ಗಂಡಿನ ಕೊಂಬು ಕೂದಲು ಮುಚ್ಚಿದ ಉದ್ದನೆಯ ಬುಡದಿಂದ ಹೊರಡುತ್ತದೆ.

ದಾಖಲೆಯಲ್ಲಿ ದಿನಾಂಕ, ಜಿಪಿಎಸ್ ಸ್ಥಾನ, ಅಳತೆಪಟ್ಟಿ ಇಟ್ಟು ತೆಗೆದ ಹಿಕ್ಕೆಯ ಚಿತ್ರ, ಸುತ್ತಲಿನ ಮರಗಳು, ನೀರಿಗಿರುವ ದೂರ ಇವಿಷ್ಟೂ ಇರಲಿ. ನೆಲ್ಲಿ, ಬೋರೆಯಂಥ ಮರಗಳನ್ನು ಮರೆಯದೆ ಬರೆಯಿರಿ, ಏಕೆಂದರೆ ಉದುರಿದ ಹಣ್ಣುಗಳು ಇದರ ಆಹಾರದಲ್ಲಿ ಸೇರಿವೆ. ಜಾನುವಾರುಗಳ ಹೆಜ್ಜೆ, ಬೆಂಕಿ ಬಿದ್ದ ಗುರುತು, ಉರುಳು, ನಾಯಿಯ ಜಾಡು ಕಂಡರೆ ಅವನ್ನೂ ಬರೆಯಬೇಕು; ನನ್ನ ಮಟ್ಟಿಗೆ ದಾಖಲೆಯ ಅರ್ಧ ಬೆಲೆ ಇರುವುದು ಈ ಕಾಲಂನಲ್ಲಿಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ, ಅಂದರೆ ಅತಿ ಹೆಚ್ಚಿನ ರಕ್ಷಣೆಯುಳ್ಳ ಪ್ರಾಣಿಯಾದ್ದರಿಂದ ಉರುಳು ಕಂಡ ಕೂಡಲೇ ವಲಯ ಅರಣ್ಯಾಧಿಕಾರಿಗೆ ತಿಳಿಸಬೇಕು. ನಿಖರವಾದ ಸ್ಥಾನವನ್ನು ಇಲಾಖೆಗೆ ಮಾತ್ರ ಕೊಟ್ಟು, ಸಾರ್ವಜನಿಕವಾಗಿ ಹಂಚಿಕೊಳ್ಳುವಾಗ ತಾಲ್ಲೂಕಿನ ಹೆಸರಿಗೆ ನಿಲ್ಲಿಸಬೇಕು.

ಕಾಡಂಚಿನ ಊರಿನವರಾದರೆ ಮಾಡಬಹುದಾದ್ದು ಇನ್ನೂ ಇದೆ. ಬೇಸಿಗೆಯಲ್ಲಿ ಹೊಸ ಹುಲ್ಲಿನ ಆಸೆಗೆ ಬೆಂಕಿ ಇಟ್ಟರೆ ಇದರ ಮರೆಯೇ ಸುಟ್ಟುಹೋಗುತ್ತದೆಯಾದ್ದರಿಂದ ಅದನ್ನು ತಡೆಯಬೇಕು, ನಾಯಿಗಳನ್ನು ಕಾಡಿಗೆ ಬಿಡಬಾರದು. ಹುಲ್ಲಿನಲ್ಲಿ ಮರಿಯೊಂದು ಒಂಟಿಯಾಗಿ ಮಲಗಿದ್ದರೆ ತಾಯಿ ಬಿಟ್ಟುಹೋಗಿದೆ ಎಂದು ಎತ್ತಿಕೊಂಡು ಬರಬೇಡಿ. ಮೇಯಲು ಹೋದ ತಾಯಿ ಹಾಲೂಡಿಸಲು ಅಲ್ಲಿಗೇ ಮರಳುತ್ತದೆ.