ಪನೋರಮಾ ವೀಡಿಯೊದಲ್ಲಿ ನೋಟದ ಕೋನವನ್ನು ಅಳೆದು ಪರೀಕ್ಷಿಸುವ ಬಗೆ

360 ಡಿಗ್ರಿ ವೀಡಿಯೊವನ್ನು ಸಾಮಾನ್ಯ ಚೌಕಟ್ಟಿಗೆ ಇಳಿಸುವಾಗ ಸಾಫ್ಟ್‌ವೇರ್‌ನಲ್ಲಿ ನೋಟದ ಕೋನವನ್ನು (ಚೌಕಟ್ಟಿನಲ್ಲಿ ಎಷ್ಟು ಡಿಗ್ರಿಯ ದೃಶ್ಯ ಕಾಣುತ್ತದೆ ಎಂಬ ಅಳತೆ) 90 ಎಂದು ತುಂಬಿದರೆ, ಅದು ಅಡ್ಡ ಕೋನವೋ, ಲಂಬ ಕೋನವೋ, ಕರ್ಣದ ಕೋನವೋ ಎಂಬುದು ಆ ಸಂಖ್ಯೆಯಿಂದಷ್ಟೇ ತಿಳಿಯುವುದಿಲ್ಲ. 16:9 ಚೌಕಟ್ಟಿನಲ್ಲಿ ಅಡ್ಡ ಕೋನ 90 ಆದರೆ ಲಂಬ ಕೋನ ಸುಮಾರು 58.7 ಡಿಗ್ರಿ, ಅದೇ 90 ಲಂಬಕ್ಕೆ ಅನ್ವಯವಾದರೆ ಅಡ್ಡ ಕೋನ 121.3ಕ್ಕೆ ಏರುತ್ತದೆ. ಇಂಥ ವ್ಯತ್ಯಾಸವನ್ನು ಕಣ್ಣಂದಾಜಿಗೆ ಬಿಡುವುದು ಸರಿಯಲ್ಲ.

ಮೊದಲು 3600×1800 ಪಿಕ್ಸೆಲ್‌ಗಳ ಈಕ್ವಿರೆಕ್ಟ್ಯಾಂಗ್ಯುಲರ್ ಚಿತ್ರವೊಂದನ್ನು (ಸುತ್ತಲಿನ ಪೂರ್ತಿ ನೋಟವನ್ನು ಒಂದೇ ಆಯತದಲ್ಲಿ ಹರಡಿ ತೋರಿಸುವ ಚಿತ್ರ) ಮಾಡಿಕೊಳ್ಳಿ. ಈ ಅಳತೆಯಲ್ಲಿ ಒಂದು ಡಿಗ್ರಿಗೆ ಸರಿಯಾಗಿ 10 ಪಿಕ್ಸೆಲ್ ಸಿಗುತ್ತದೆ. ನಡುವಿನಿಂದ ಆರಂಭಿಸಿ ಎರಡೂ ಬದಿಗೆ 100 ಪಿಕ್ಸೆಲ್‌ಗೊಂದು ಲಂಬ ಗೆರೆ ಎಳೆದು, 450ನೇ ಪಿಕ್ಸೆಲ್‌ನಲ್ಲಿ, ಅಂದರೆ 45 ಡಿಗ್ರಿಯಲ್ಲಿ, ಕೆಂಪು ಗೆರೆ ಹಾಕಿ.

ಈ ಚಿತ್ರವನ್ನು ಸಾಫ್ಟ್‌ವೇರ್‌ಗೆ ಕೊಟ್ಟು, ನೋಟವನ್ನು ಯಾವ ದಿಕ್ಕಿಗೂ ತಿರುಗಿಸದೆ, ರೆಕ್ಟಿಲೀನಿಯರ್ ಪ್ರೊಜೆಕ್ಷನ್‌ನಲ್ಲಿ (ನೇರ ಗೆರೆಗಳನ್ನು ನೇರವಾಗಿಯೇ ತೋರಿಸುವ ಚಿತ್ರಣ) 1920×1080 ಅಳತೆಗೆ 90 ಡಿಗ್ರಿಯಲ್ಲಿ ಹೊರತೆಗೆಯಿರಿ. ಕೆಂಪು ಗೆರೆಗಳು ಚೌಕಟ್ಟಿನ ಅಂಚಿಗೇ ತಾಗಿದ್ದರೆ ಕೋನ ಅಡ್ಡಳತೆಯದು. ಅವು ನಡುವಿನಿಂದ 540 ಪಿಕ್ಸೆಲ್ ದೂರದಲ್ಲೇ ನಿಂತಿದ್ದರೆ ಲಂಬದ್ದು. ಕೆಂಪು ಗೆರೆ ಕಾಣೆಯಾಗಿ, 40 ಡಿಗ್ರಿಯ ಗೆರೆ ನಡುವಿನಿಂದ 924ನೇ ಪಿಕ್ಸೆಲ್ ಬಳಿ ಬಿದ್ದಿದ್ದರೆ ಸಾಫ್ಟ್‌ವೇರ್ ಕರ್ಣವನ್ನು ಹಿಡಿದಿದೆ.

ಅಂಚು ಹೊಂದಿತೆಂದು ಅಲ್ಲಿಗೇ ನಿಲ್ಲಿಸಬೇಡಿ, ಒಳಗಿನ ಗೆರೆಗಳನ್ನೂ ನೋಡಿ. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ ಎಂದು ನನಗನ್ನಿಸುತ್ತದೆ. ರೆಕ್ಟಿಲೀನಿಯರ್‌ನಲ್ಲಿ ದೂರವು ಕೋನದ ಟ್ಯಾಂಜೆಂಟ್‌ಗೆ ಅನುಗುಣವಾಗಿ ಬೆಳೆಯುವುದರಿಂದ ಅಡ್ಡ ಕೋನ 90 ಇದ್ದಾಗ 30 ಡಿಗ್ರಿಯ ಗೆರೆ ನಡುವಿನಿಂದ 554ನೇ ಪಿಕ್ಸೆಲ್‌ನಲ್ಲಿರಬೇಕು. ಅದು 640ರಲ್ಲಿದ್ದರೆ ಗೆರೆಗಳು ಸಮಾನ ಅಂತರದಲ್ಲಿ ಹರಡಿವೆ, ಪ್ರೊಜೆಕ್ಷನ್ನೇ ಬೇರೆಯಾಗಿದೆ ಎಂದರ್ಥ.

ವೀಡಿಯೊ ಪರಿವರ್ತಿಸುವ ಸಾಫ್ಟ್‌ವೇರ್ ಎಫ್‌ಎಫ್‌ಎಂಪೆಗ್‌ನಲ್ಲಿ 360 ಡಿಗ್ರಿ ಚಿತ್ರಗಳ ಪ್ರೊಜೆಕ್ಷನ್ ಬದಲಿಸುವ ವಿ360 ಫಿಲ್ಟರ್‌ನಲ್ಲಿ ಅಡ್ಡ ಮತ್ತು ಲಂಬ ಕೋನಗಳನ್ನು ಬೇರೆಬೇರೆಯಾಗಿ ಕೊಡಬಹುದು. 16:9 ಚೌಕಟ್ಟಿಗೆ ಎರಡಕ್ಕೂ 90 ಕೊಟ್ಟರೆ ಚಿತ್ರದ ನಡುವೆ ಕಾಣುವ ದುಂಡನೆಯ ವಸ್ತು ಅಡ್ಡಕ್ಕೆ ಹಿಗ್ಗಿ ಮೊಟ್ಟೆಯಾಕಾರ ತಾಳುತ್ತದೆ, ಲಂಬಕ್ಕೆ 58.7 ಎಂದು ತಿದ್ದಿದರೆ ಆ ದೋಷ ಹೋಗುತ್ತದೆ.

ಮೂಲ ವೀಡಿಯೊ ಫಿಶ್‌ಐ ಲೆನ್ಸಿನದಾಗಿದ್ದರೆ (ತುಂಬಾ ಅಗಲದ ನೋಟವನ್ನು ವೃತ್ತಾಕಾರದ ಚಿತ್ರದಲ್ಲಿ ಹಿಡಿಯುವ ಲೆನ್ಸ್) ಲೆನ್ಸಿನ ನಿಜವಾದ ಕೋನವನ್ನೂ ಅಳೆಯಬೇಕು. ಡಿಗ್ರಿ ಗುರುತುಗಳಿರುವ ಟ್ರೈಪಾಡ್ ಮೇಲೆ ಕ್ಯಾಮೆರಾವನ್ನಿಟ್ಟು, ದೂರದ ಕಂಬವೊಂದು ಚಿತ್ರವೃತ್ತದ ಒಂದು ಅಂಚಿನಲ್ಲಿ ಮರೆಯಾಗುವ ಗುರುತನ್ನೂ ಎದುರಿನ ಅಂಚಿನಲ್ಲಿ ಮರೆಯಾಗುವ ಗುರುತನ್ನೂ ಬರೆದುಕೊಳ್ಳಿ. ಆ ನಡುವೆ ಕ್ಯಾಮೆರಾ ತಿರುಗಿದಷ್ಟು ಡಿಗ್ರಿಯನ್ನೇ, ಪೆಟ್ಟಿಗೆಯ ಮೇಲೆ ಮುದ್ರಿಸಿದ ಸಂಖ್ಯೆಯನ್ನಲ್ಲ, ಇನ್‌ಪುಟ್ ಕೋನವಾಗಿ ತುಂಬಿ.